ಪರಮಣ್ಣ ಕಾಕಾನ ಮೊದಲ ದಮ್ಮು

ತುಟ್ಟಿಯಾದರೆ ಜನ ಕೊಳ್ಳುವುದು ಕಡಿಮೆ. ರಾಯಚೂರಿನ ಸಂಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮಾಸ್ತರರು ಹೇಳಿದ್ದು ಇಷ್ಟೇ. ಅದನ್ನು ಊರಿಗೆ ಒಯ್ದು, ಮಸರಕಲ್ಲಿನಲ್ಲಿ ಬಂಡೆಮ್ಮ ಚಿಗವ್ವನ ಮುಂದೆ ಹೇಳಿದ ತಪ್ಪು ನನ್ನದು.

ಅದು ಎಂಬತ್ಮೂರನೇ ಇಸವಿ. ಚಿಗವ್ವನ ಗಂಡ ಪರಮಣ್ಣ ಕಾಕಾ ಕುರಿ ಕಾಯಲು ಹೋಗಿ, ಬೇವಿನ ಮರದ ಕೆಳಗೆ ಗಾಂಜಾ ಸೇದಿ ಮಲಗಿಬಿಡುತ್ತಿದ್ದ. ಕುರಿ ಎರಡು ಸಲ ಗೌಡರ ಜೋಳದ ಹೊಲ ಹೊಕ್ಕಿದ್ದವು. ಮೂರನೇ ಸಲ ಹೊಕ್ಕರೆ ಊರ ಸೀಮೆಯಲ್ಲಿ ಮೇಯಿಸಲು ಬಿಡುವುದಿಲ್ಲ ಎಂದು ಹಿರಿಯರು ಹೇಳಿಕಳಿಸಿದ್ದರು.

"ತುಟ್ಟಿ ಆದ್ರ ಸೇದೋದು ಬಿಡ್ತಾರೇನೋ ಬೂದಾ?" ಎಂದು ಚಿಗವ್ವ ನನ್ನನ್ನು ಕೇಳಿದಳು.

"ಕಡಿಮಿ ಆಗ್ತದ ಚಿಗವ್ವ. ಬುಕ್ಕಿನ್ಯಾಗ ಅದ."

ಗಾಂಜಾ ಪೊಟ್ಟಣ ಮಾರುವ ವೆಂಕೋಬ ಅವಳ ತವರೂರಿನವನು, ಅವಳನ್ನು ಅಕ್ಕ ಎನ್ನುತ್ತಿದ್ದ. ಅಕ್ಕ ಹೇಳಿದ ಮೇಲೆ ಎಂಟಾಣೆಯದನ್ನು ರೂಪಾಯಿ ಮಾಡಲು ಅವನಿಗೇನು ಕಷ್ಟ?

ಎರಡು ವಾರ ಬಿಟ್ಟು ಹೋದೆ.

"ಬಾರಪಾ ಶಾಣ್ಯಾ," ಎಂದಳು ಚಿಗವ್ವ. "ವೆಂಕೋಬನ ವ್ಯಾಪಾರ ಅರ್ಧಕ್ಕ ಬಿತ್ತು. ನಿಮ್ಮ ಕಾಕಾ ಮಾತ್ರ ಮೊದಲಿನ ಎರಡರಷ್ಟು ಸೇದಾಕತ್ತಾನ."

ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ. "ಕಾಕಾ ಎಷ್ಟು ಕೊಳ್ತಾನ?"

"ಅವ ಯಾವತ್ತು ಕೊಂಡಾನ?"

ಕಾಕಾ ಕೊಳ್ಳುತ್ತಿರಲಿಲ್ಲ, ಕೊಂಡವರಿಗೆ ಚಿಲುಮೆ ತುಂಬಿಕೊಡುತ್ತಿದ್ದ. ಬೀಜ ಆರಿಸಿ ಅಂಗೈಯಲ್ಲಿ ತಿಕ್ಕುವುದರಲ್ಲಿ ಪಳಗಿದ ಕೈ. ತುಂಬಿದವನಿಗೆ ಮೊದಲ ದಮ್ಮು ಎಂಬುದು ಅವರ ರೂಢಿ. ರೂಪಾಯಿ ಆದಮೇಲೆ ಒಂದು ಚೂರೂ ಕೆಡಬಾರದೆಂದು ಊರಲ್ಲಿ ಕೂತು ಸೇದುವ ಮೂರೂ ಗುಂಪಿನವರು ಅವನನ್ನೇ ಕರೆಯತೊಡಗಿದ್ದರು.

"ಹಂಗಾದ್ರ ನಾಕಾಣಿ ಮಾಡಸ್ತೀನಿ."

"ಬ್ಯಾಡ ಚಿಗವ್ವ. ಇಳಿದ್ರ ಮಂದಿ ಹೆಚ್ಚು ಸೇದ್ತಾರ."

"ಮಂದಿ ಹೆಂಡ್ರು ಮಂದೀನ ನೋಡ್ಕೊಳ್ಳಿ. ನಿನ್ನ ಬುಕ್ಕು ನಿಮ್ಮ ಕಾಕಾನ್ನ ನೋಡಿಲ್ಲ, ಸುಮ್ಮಕಿರು."

ಊರಿನವರ ಪಾಪ ನನಗೇ ತಟ್ಟೀತೆಂದು ಆ ವಾರವೆಲ್ಲ ನಿದ್ದೆ ಸರಿಯಾಗಲಿಲ್ಲ. ಗಿರಾಕಿ ಇಲ್ಲದೆ ಕಂಗಾಲಾಗಿದ್ದ ವೆಂಕೋಬ ಇಳಿಸಿಯೇಬಿಟ್ಟ. ಮತ್ತೆ ಹೋದಾಗ, ಚೂರು ಚೆಲ್ಲಿದರೂ ಚಿಂತೆಯಿಲ್ಲವೆಂದು ಎಲ್ಲರೂ ತಂತಮ್ಮ ಚಿಲುಮೆ ತಾವೇ ತುಂಬಿಕೊಳ್ಳುತ್ತಿದ್ದರು. ಕಾಕಾನನ್ನು ಕರೆಯುವವರಿರಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡು ಕುರಿಗಳ ಹಿಂದೆ ನಿಂತಿದ್ದ.

"ನೀನ ಒಂದು ಕೊಳ್ಳಬಾರದೇನು ಕಾಕಾ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ.

"ಕೊಂಡು ಸೇದಾವ ನಾನಲ್ಲಲೇ. ಕರದ್ರ ಹೋಗಾವ."

ಜೋಳದ ಹೊಲದತ್ತ ಹೊರಟಿದ್ದ ಟಗರನ್ನು ಕೋಲಿನಿಂದ ತಿರುಗಿಸಿ, ಸಿಟ್ಟಿನಲ್ಲೇ ಹೇಳಿದ:

"ಎಚ್ಚರಿದ್ದು ನೋಡಿದ್ರ ಗೊತ್ತಾಗ್ತದ, ಇವು ಎಷ್ಟು ತಿರಗ್ತಾವಂತ."