ಕೆಂಪು ಟ್ಯೂಬು

ಗಂಡನ ಹಣೆಗೆ ವಿಭೂತಿ ಎಳೆಯುತ್ತಿದ್ದ ಸಿದ್ದವ್ವನ ಮೂರು ಬೆರಳು ಅರ್ಧಕ್ಕೇ ನಿಂತವು. ಬಾಗಿಲಲ್ಲಿ ಯಾರೋ ಹೆಂಗಸು, ನಲವತ್ತೈದರ ಆಸುಪಾಸು. ಕಂಕುಳಲ್ಲಿ ಹಳೇ ಸೀರೆ ಸುತ್ತಿದ ಹಲಗೆ.

“ಮಂಚಿಕೇರಿಯಾಕಿ ಇರಬೇಕು ನೋಡು ವೈನಿ,” ನಾದಿನಿ ಪ್ರತಿಭಾ ಕಿವಿಯ ಹತ್ತಿರ ಬಾಗಿದಳು. “ಕಣ್ಣು ನೋಡು, ದಾರಿತುಂಬ ಅತ್ತಾವ.”

“ಬರ್ಲಿ ಬಿಡು. ಅಳೂದಕ್ಕ ಇದ ಮನಿಗೇ ಬರಬೇಕಾತಲ್ಲ.”

ಕೊನೆಯ ಪಯಣಕ್ಕೆಂದು ಪತ್ರೆಯ ಹಾರ ಹಾಕಿ ಗೋಡೆಗೆ ಆನಿಸಿ ಕೂರಿಸಿದ್ದ ಸದಾಶಿವ ಮಾಸ್ತರರು, ಎಂದಿನಂತೆ, ಏನೂ ಹೇಳಲಿಲ್ಲ.

\*

ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅವರು ಪ್ರತಿ ಗುರುವಾರ ಶಿರಸಿಯಿಂದ ಮಂಚಿಕೇರಿ ಬಸ್ಸು ಹತ್ತುತ್ತಿದ್ದರು. ಅಲ್ಲಿ ಯಾರದೋ ಹಿತ್ತಲಲ್ಲಿ ಕೂತು ಚಿತ್ರ ಬರೆಯುವುದು. ಚೀಲದಲ್ಲಿ ಮೂರೇ ಟ್ಯೂಬು: ಹಳದಿ, ನೀಲಿ, ಕೆಂಪು. “ಮೂರರಾಗ ಆಗದ್ದು ಮೂವತ್ತರಾಗೂ ಆಗಂಗಿಲ್ಲ” ಎನ್ನುತ್ತಿದ್ದರು. ಸಂಜೆ ತರುವ ಚಿತ್ರದಲ್ಲಿ ಬಾಳೆ, ಕೆಸು, ವೀಳ್ಯದ ಬಳ್ಳಿ. ಬರೀ ಹಸಿರು.

ಹಳದಿಗೆ ನೀಲಿ ಸೇರಿದರೆ ಹಸಿರೆಂದು ಮಾಸ್ತರರ ಹೆಂಡತಿಗೆ ತಿಳಿಯದೇ? ಹಾಗಾದರೆ ಕೆಂಪು ಟ್ಯೂಬು ಯಾಕೆ ಸೊರಗುತ್ತಿತ್ತು? ಮನೆಗೆ ಬಾರದ ಬೇರೆ ಚಿತ್ರಗಳಿರಬೇಕು. ಅವುಗಳಲ್ಲಿ ಕೆಂಪು ಸೀರೆಯವಳಿರಬೇಕು.

ಸಿದ್ದವ್ವ ಗಂಡನನ್ನು ಕೇಳಲಿಲ್ಲ. ಕಳೆದ ತಿಂಗಳು ಹೊಸ ಕೆಂಪು ಟ್ಯೂಬನ್ನು ಅಕ್ಕಿ ಡಬ್ಬಿಯ ತಳಕ್ಕೆ ತುರುಕಿದಳು. ಮಾಸ್ತರರು ಚೀಲವನ್ನು ಎರಡು ಸಲ ಕೊಡವಿದರು. ಅವಳ ಮುಖ ನೋಡಿದರು. ಎರಡೇ ಟ್ಯೂಬು ಹಿಡಿದು ಹೋದವರು ಬರಿಗೈಯಲ್ಲಿ ಬಂದರು. ಆಮೇಲೆ ಜ್ವರ ಹಿಡಿಯಿತು, ಬಿಡಲಿಲ್ಲ.

\*

“ನಾನು ದುರ್ಗಮ್ಮ. ಮಾಸ್ತರು ಕೂರ್ತಿದ್ದುದು ನಮ್ಮ ಹಿತ್ಲಲ್ಲೇ.” ಹೆಂಗಸು ಹಲಗೆಗೆ ಸುತ್ತಿದ ಸೀರೆಯ ಗಂಟು ಬಿಚ್ಚಿದಳು. “ಇದನ್ನ ಅರ್ಧಕ್ಕೇ ಬಿಟ್ಟು ಬಂದಿದ್ರು ಅಮ್ಮಾ.”

ಸಿದ್ದವ್ವ ಹಲಗೆಯ ಚಿತ್ರದಲ್ಲಿ ಮೊದಲು ಕೆಂಪು ಸೀರೆಯವಳನ್ನು ಹುಡುಕಿದಳು. ಯಾರೂ ಇರಲಿಲ್ಲ. ಬಾಳೆಲೆಗಳು ಪ್ಲಾಸ್ಟಿಕ್ಕಿನವುಗಳಂತೆ ಮಿರುಗುತ್ತಿದ್ದವು.

“ಯಾಕ ಬಿಟ್ರು?”

“ಕೆಂಪಿಲ್ಲ ಅಂದ್ರು. ಒಂಚೂರು ಕೆಂಪು ಕಲಸದೇ ಇದ್ರೆ ಹಸಿರು ಹಸಿ ಹಸಿಯಾಗೇ ಉಳೀತದಂತೆ. ಎಲೆ ಎಲೆಗೂ ಹಾಕ್ತಿದ್ರಲ್ಲ, ನಿಮ್ಗೆ ಗೊತ್ತಿರ್ತದೆ.”

“ಚಲೋ ಪಾಠ ಆಗೇತಿ,” ಪ್ರತಿಭಾ ಗೊಣಗಿದಳು.

ಸಿದ್ದವ್ವ ಗೋಡೆಯ ಮೇಲಿನ ಹಳೆಯ ಚಿತ್ರಗಳತ್ತ ತಿರುಗಿದಳು. ಆ ಹಸಿರು ಬೇರೆಯೇ ಇತ್ತು; ನಿಜವಾದ ಎಲೆಯದು.

“ಕೆಂಪು ಎಲ್ಲಿ ಹೋತು ಅಂತ ಹೇಳಿದ್ರೇನು?”

“ಮನೇಲೇ ಇದೆ ಅಂದ್ರು. ಅವಳೇ ಕೊಡ್ತಾಳೆ, ಕೊಟ್ಟ ಮೇಲೆ ಬರ್ತೇನೆ ಅಂದ್ರು.”

ಹೊರಗಿನಿಂದ ಯಾರೋ, “ಎತ್ತೂ ಹೊತ್ತಾತ್ರಿ” ಎಂದರು. ಸಿದ್ದವ್ವ ಅಡುಗೆಮನೆಗೆ ಹೋಗಿ ಮೊಣಕೈವರೆಗೆ ಡಬ್ಬಿಯೊಳಗೆ ಕೈ ಇಳಿಸಿದಳು. ಬಂದು, ಪತ್ರೆಯ ಹಾರ ಸರಿಸಿ, ಗಂಡನ ಬಲಗೈಯ ಕೆಳಗೆ ಟ್ಯೂಬನ್ನಿಟ್ಟಳು. ಅದರ ಮುಚ್ಚಳ ಇನ್ನೂ ಬಿಚ್ಚಿರಲಿಲ್ಲ. ಮುಚ್ಚಳದ ಗೀರುಗಳಲ್ಲಿ ಅಕ್ಕಿಯ ಬಿಳಿ ಹುಡಿ ಕೂತಿತ್ತು.