ಮೈಕಣ್ಣನನ್ನು ನುಂಗಿದ ಮೈಕು

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಕೂಗುತ್ತಲೇ ತಲೆ ನರೆಸಿಕೊಂಡವನು ಮೈಕಣ್ಣ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ವಾಸವಾಗಿತ್ತು.

ಊರಿಗೆ ಹೊಸ ನಿಲ್ದಾಣ ಬರುತ್ತಿತ್ತು. ಅಲ್ಲಿ ಗೂಡೂ ಇಲ್ಲ, ಗೂಡಿನೊಳಗೆ ಹಕ್ಕಿಯೂ ಇಲ್ಲ. ಯಾರದೋ ಒಂದು ಧ್ವನಿಯನ್ನು ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಂಡು ಯಂತ್ರವೇ ಬಸ್ಸು ಬಸ್ಸಿಗೂ ಕೂಗುತ್ತದೆ. ಆ ಧ್ವನಿ ತನ್ನದೇ ಆಗಬೇಕು ಎಂಬುದು ಮೈಕಣ್ಣನ ಒಂದೇ ಆಸೆ. ಅದಕ್ಕೆ ಕಂಪ್ಯೂಟರಿನ ಮುಂದೆ ಕೂತು ಮನೆಯಿಂದಲೇ ಪರೀಕ್ಷೆ ಕೊಡಬೇಕಿತ್ತು. ನಿನ್ನೆ ಕೊಟ್ಟ. ಅವನ ತುಟಿ ಅಲ್ಲಾಡಿದ್ದು ಆ ಕಡೆ ಎಲ್ಲರಿಗೂ ಕಂಡಿತು, ಧ್ವನಿ ಮಾತ್ರ ಒಬ್ಬರಿಗೂ ಕೇಳಲಿಲ್ಲ. "ಗಾಜಿನ ತೊಟ್ಟಿಯೊಳಗಿನ ಮೀನಿನ ಹಾಗೆ ಕಾಣ್ತಿದೀರಿ" ಎಂದರು ನಿಲ್ದಾಣದ ಅಧಿಕಾರಿಣಿ. "ನಾಳೆ ನಾಲ್ಕು ಗಂಟೆಗೆ ಇನ್ನೊಂದು ಸಲ ನೋಡೋಣ. ಆಗ್ಲೂ ಆಗ್ದಿದ್ರೆ ಕಂಪ್ಯೂಟರ್ ಧ್ವನಿಯನ್ನೇ ಹಾಕಿಬಿಡ್ತೀವಿ."

ಆ ನಾಳೆ ಇವತ್ತು ಬಂದಿತ್ತು. ಜೊತೆಗೆ ಭಾವಮೈದನೂ ಬಂದಿದ್ದ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವನು ಕಣ್ಣಿನ ವ್ಯಾಪಾರದವನಾದರೂ ಮನೆಯವರೆಲ್ಲರ ಕಂಪ್ಯೂಟರುಗಳ ಕಿವಿ ಮೂಗು ಗಂಟಲನ್ನೂ ತಾನೇ ನೋಡಿಕೊಳ್ಳುತ್ತಿದ್ದ.

"ಎಲ್ಲಿ ಭಾವ, ನಿನ್ನೆ ಹೇಗೆ ಮಾಡಿದ್ರಿ, ಮಾಡಿ ತೋರಿಸಿ."

ಮೈಕಣ್ಣ ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿದ. ಕೀಲಿಗಳ ಮೇಲೆ ಬಗ್ಗಿ ಉಫ್ ಉಫ್ ಎಂದು ಊದಿದ. "ಹಲೋ, ಹಲೋ" ಎಂದ.

"ಊದಬೇಡಿ ಭಾವ, ಅದೇನು ಒಲೆನಾ?"

"ಮತ್ತೆ ಮೈಕ್ ಎಲ್ಲಯ್ಯ ಇದರಲ್ಲಿ? ಇಷ್ಟಗಲ ಮುಖ ಇದೆ, ಕಿವೀನೇ ಕಾಣಲ್ಲ!"

ಭಾವಮೈದ ಕ್ಯಾಮೆರಾ ಪಕ್ಕದ ಸೂಜಿಮೊನೆಯಷ್ಟು ತೂತನ್ನು ತೋರಿಸಿದ. ಮೈಕಣ್ಣನಿಗೆ ಅವಮಾನವಾಯಿತು. ಜೀವನವಿಡೀ ಮುಷ್ಟಿಗಾತ್ರದ ಮೈಕಿಗೆ ಮುಖ ಕೊಟ್ಟು ಮಾತಾಡಿದವನು ಇರುವೆಯ ಬಿಲಕ್ಕೆ ಮನವಿ ಸಲ್ಲಿಸಬೇಕೇ?

ಮೊದಲ ಕಾಯಿಲೆ ಬೇಗ ಸಿಕ್ಕಿತು. ಮೈಕ್ ಬಳಸಲೇ ಎಂದು ಕಂಪ್ಯೂಟರ್ ವಿನಯದಿಂದ ಕೇಳಿದಾಗ ಮೈಕಣ್ಣ "ಬೇಡ" ಎಂದು ಒತ್ತಿಬಿಟ್ಟಿದ್ದ.

"ಯಾಕೆ ಒತ್ತಿದ್ರಿ?"

"ಅದು ಏನು ಕೇಳಿದ್ರೂ ಬೇಡ ಅನ್ನಬೇಕು ಅಂತ ನೀನೇ ತಾನೇ ಹೇಳಿದ್ದು?"

"ಅದು ಲಾಟರಿ ಬಂದಿದೆ ಅಂತ ಕೇಳಿದ್ರೆ!"

ಬೇಡವನ್ನು ಬೇಕು ಮಾಡಿದ್ದಾಯಿತು. ಆದರೂ ಧ್ವನಿಯ ಏರಿಳಿತ ತೋರಿಸುವ ಹಸಿರು ಪಟ್ಟಿ ಸತ್ತ ಹಾವಿನಂತೆ ಬಿದ್ದಿತ್ತು. ಮೈಕಣ್ಣ ಕೂಗಿದ, ಕೆಮ್ಮಿದ, ಚಪ್ಪಾಳೆ ತಟ್ಟಿದ. ಊಹೂಂ. ಬೇಸತ್ತ ಭಾವಮೈದ ಬೆವರೊರೆಸಲು ಜೇಬಿನಿಂದ ಕರವಸ್ತ್ರ ಎಳೆದನೋ ಇಲ್ಲವೋ, ಪಟ್ಟಿ ಧಡಕ್ಕನೆ ಎದ್ದು ಕುಣಿಯಿತು.

"ನಿನ್ನ ಜೇಬಿಗೆ ಮರ್ಯಾದೆ ಕೊಡ್ತಿದೆ ನೋಡು!" ಎಂದ ಮೈಕಣ್ಣ.

ಜೇಬಿನಲ್ಲಿದ್ದದ್ದು ಭಾವಮೈದನ ವೈರಿಲ್ಲದ ಇಯರ್‌ಫೋನು. ಹಿಂದೊಮ್ಮೆ ಈ ಕಂಪ್ಯೂಟರಿಗೆ ಅದನ್ನು ಅವನೇ ಜೋಡಿಸಿದ್ದ. ಹತ್ತಿರ ಬಂದದ್ದೇ ತಡ, ಕಂಪ್ಯೂಟರ್ ತನ್ನ ಕಿವಿ ಮುಚ್ಚಿಕೊಂಡು ಅವನ ಜೇಬಿನ ಮೂಲಕ ಲೋಕವನ್ನು ಆಲಿಸುತ್ತಿತ್ತು. ಭಾವಮೈದ ಸೆಟ್ಟಿಂಗಿಗೆ ಹೋಗಿ, ಕಂಪ್ಯೂಟರಿನ ಸ್ವಂತ ಮೈಕನ್ನೇ ಆರಿಸಿ, ಇಯರ್‌ಫೋನನ್ನು ಆರಿಸಿದ. ಒಂದನ್ನು ಆಯ್ಕೆ ಮಾಡಿದ್ದೂ ಆರಿಸಿದ್ದೇ, ಇನ್ನೊಂದನ್ನು ಬಂದ್ ಮಾಡಿದ್ದೂ ಆರಿಸಿದ್ದೇ. ಕಂಪ್ಯೂಟರಿಗಿಂತ ಕನ್ನಡವೇನೂ ಕಡಿಮೆ ತುಂಟತನದ್ದಲ್ಲ.

ಈಗ ಪಟ್ಟಿ ಮೈಕಣ್ಣನ ಮಾತಿಗೂ ಕುಣಿಯಿತು. ಮೀಟಿಂಗಿನ ಆ್ಯಪಿನಲ್ಲಿ, ಮಾತಾಡಿದ್ದನ್ನು ತಿರುಗಿ ಕೇಳಿಸುವ ಒಂದು ಪರೀಕ್ಷೆಯಿತ್ತು. ಗುಂಡಿ ಒತ್ತಿ, ಮೈಕಣ್ಣ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರ್ಧ ಮುಚ್ಚಿ, ತನ್ನ ಕಸುಬಿನ ಕಂಠ ತೆಗೆದ:

"ಪ್ರಯಾಣಿಕರ ಗಮನಕ್ಕೇಏಏಏ... ಬಂದರಿಗೆ ಹೋಗುವ ಬಸ್ಸೂಊಊಊ..."

ತಿರುಗಿ ಕೇಳಿಸಿದಾಗ ಬಂದದ್ದು ಇಷ್ಟು: "ಪ್ರಯಾ... ಕ್ಕೆ... ಬಂ... ಸ್ಸು..." ಮಿಕ್ಕಿದ್ದೆಲ್ಲ ಮೌನ.

"ಬಂದರೂ ಇಲ್ಲ, ಬಸ್ಸೂ ಇಲ್ಲ" ಎಂದ ಮೈಕಣ್ಣ ಬಾಡಿದ ಮುಖದಲ್ಲಿ.

"ಫೋನಿಂದ ನೋಡೋಣ" ಎಂದು ಭಾವಮೈದ ಮೈಕಣ್ಣನ ಫೋನನ್ನು ತಲೆಕೆಳಗು ಮಾಡಿದ. ಕೆಳಅಂಚಿನ ಮೈಕಿನ ತೂತಿನಲ್ಲಿ ನೂಲಿನ ಧೂಳು ಮೆತ್ತಿಕೊಂಡಿತ್ತು. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಮೈಕಣ್ಣನ ಹೆಂಡತಿ ಸೂಜಿ ಹಿಡಿದು ಓಡಿಬಂದಳು.

"ಅಕ್ಕ! ಸೂಜಿ ಬೇಡ! ಚುಚ್ಚಿದ್ರೆ ಮೈಕಿನ ಪೊರೆ ಹರಿದುಹೋಗತ್ತೆ!"

"ಹೊಲಿಯೋಳು ನಾನು, ಸೂಜಿ ಹಿಡಿಯೋದು ನನಗೆ ಕಲಿಸ್ತೀಯೇನೋ?" ಎಂದಳು. ಆದರೂ ಹೊಲಿಗೆಯಂತ್ರ ಒರೆಸುವ ಒಣ ಕುಂಚವನ್ನು ತಂದುಕೊಟ್ಟಳು. ಧೂಳು ಹೋಯಿತು. ಅದೇ ಆ್ಯಪನ್ನು ಫೋನಿನಲ್ಲಿ ತೆರೆದು ಮೈಕಣ್ಣ ಮತ್ತೆ ಕಂಠ ತೆಗೆದ. ಮತ್ತೆ "ಪ್ರಯಾ... ಕ್ಕೆ..." ಅಷ್ಟೇ. ಗೋಡೆಯ ಗಡಿಯಾರ ನಾಲ್ಕರ ಕಡೆಗೆ ಜಾರುತ್ತಿತ್ತು.

"ನನಗೆ ವಯಸ್ಸಾಯ್ತು ಕಣೇ" ಎಂದು ಮೈಕಣ್ಣ ಕುರ್ಚಿಗೆ ಒರಗಿದ. "ಗಂಟಲೇ ಹೋಗಿದೆ. ಯಂತ್ರಾನ ಯಾಕೆ ಬೈಯೋದು."

"ಗಂಟಲು ಹೋಗಿದ್ಯಾ? ಬೆಳಗ್ಗೆ ಟವೆಲ್ ಎಲ್ಲಿ ಅಂತ ಕೂಗಿದ್ದು ಬೀದಿಗೆಲ್ಲ ಕೇಳಿಸ್ತು!" ಎಂದಳು ಹೆಂಡತಿ. ಅಷ್ಟರಲ್ಲಿ ಲ್ಯಾಪ್‌ಟಾಪು ಆ ಮಾತನ್ನು ಅಕ್ಷರ ಬಿಡದೆ ತಿರುಗಿ ಹೇಳಿತು. ಭಾವಮೈದ ಅದರಲ್ಲಿ ಮತ್ತೆ ಪರೀಕ್ಷೆಯ ಗುಂಡಿ ಒತ್ತಿಟ್ಟಿದ್ದ. "ಗಂಟಲೇ ಹೋಗಿದೆ" ಎಂದು ಮೈಕಣ್ಣನೂ ಅದರೊಳಗಿಂದ ಗಂಟೆ ಹೊಡೆದಂತೆ ಸ್ಪಷ್ಟವಾಗಿ ಗೊಣಗಿದ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದಳು. "ಇದು ವಿಚಿತ್ರ ಕಣೋ ತಮ್ಮ. ಇವರು ಅತ್ರೆ ಕೇಳತ್ತೆ, ಜಗಳ ಆಡಿದ್ರೆ ಕೇಳತ್ತೆ. ಡ್ಯೂಟಿ ಮಾಡಿದ್ರೆ ಮಾತ್ರ ಕೇಳಲ್ಲ."

ಭಾವಮೈದ ಹಣೆ ಬಡಿದುಕೊಂಡ. "ಗೊತ್ತಾಯ್ತು! ಈ ಆ್ಯಪು ಗದ್ದಲ ತೆಗೆಯತ್ತೆ ಅಕ್ಕ. ಒಂದೇ ಸಮ, ಒಂದೇ ಶ್ರುತೀಲಿ ಬರೋ ಸದ್ದೆಲ್ಲ ಫ್ಯಾನೋ ಎಂಜಿನ್ನೋ ಇರಬೇಕು ಅಂದ್ಕೊಂಡು ಗುಡಿಸಿ ಆಚೆ ಹಾಕತ್ತೆ. ಭಾವ ಎಳೀತಾರಲ್ಲ, ಗಮನಕ್ಕೇಏಏಏ ಅಂತ. ಸ್ವಲ್ಪಾನೂ ಅಲುಗಾಡಲ್ಲ ಅದು. ಯಂತ್ರಕ್ಕೆ ಇವರು ಮನುಷ್ಯರು ಅಂತಾನೇ ಅನ್ನಿಸಿಲ್ಲ!"

"ಅಂದ್ರೆ ನಾನು ಫ್ಯಾನಾ?"

"ನಿಲ್ದಾಣದ ತುಂಬ ನನಗೆ ಫ್ಯಾನ್‌ಗಳಿದಾರೆ ಅಂತಿದ್ರಲ್ಲ" ಎಂದಳು ಹೆಂಡತಿ. "ಈಗ ನೀವೇ ಫ್ಯಾನಾದ್ರಿ, ಬಿಡಿ."

ಮೈಕಣ್ಣ ನಗಲಿಲ್ಲ, ಆದರೆ ಅವನ ಬೆನ್ನು ಮತ್ತೆ ನೆಟ್ಟಗಾಯಿತು. ಎಂಜಿನ್ನುಗಳ ನಡುವೆ ಎಂಜಿನ್ನಿನಷ್ಟೇ ಹಟದಿಂದ ಕೂಗಿ ಕೂಗಿ ಹದಗೊಳಿಸಿದ ಕಂಠ ಅದು. ಅದನ್ನು ಎಂಜಿನ್ ಎಂದುಕೊಂಡಿದ್ದರೆ ಯಂತ್ರವೂ ಒಂದು ರೀತಿಯಲ್ಲಿ ಶಭಾಷ್ ಎಂದಹಾಗೆಯೇ.

ಭಾವಮೈದ ಸೆಟ್ಟಿಂಗಿನ ಹೊಟ್ಟೆಯೊಳಗೆ ಇಳಿದು ಗದ್ದಲ ತೆಗೆಯುವ ಸೌಲಭ್ಯವನ್ನು ಬಂದ್ ಮಾಡಿದ. ಮೈಕಣ್ಣ ಎಳೆದ, ಎಳೆದದ್ದಷ್ಟೂ ಎಳೆಎಳೆಯಾಗಿ ತಿರುಗಿ ಬಂತು. ಮೂವರೂ ಕೈ ತಟ್ಟಿದರು. ಆದರೆ ಅದರ ಹಿಂದೆಯೇ "ಗ್ರ್‌ರ್‌ರ್" ಎಂಬ ಇನ್ನೊಂದು ಸದ್ದೂ ಬಂತು. ಕೆಳಮನೆಯಲ್ಲಿ ಬಡಗಿ ಮರ ಕೊಯ್ಯುತ್ತಿದ್ದ. ಇಷ್ಟು ಹೊತ್ತು ಅವನನ್ನೂ ಯಂತ್ರವೇ ಗುಡಿಸುತ್ತಿತ್ತು.

ಹೆಂಡತಿ ಕಿಟಕಿಯಿಂದ ಬಗ್ಗಿದಳು. "ಅಣ್ಣಾ, ಒಂದು ಹತ್ತು ನಿಮಿಷ ನಿಲ್ಲಿಸ್ತೀಯಾ? ನಮ್ಮವರಿಗೆ ಪರೀಕ್ಷೆ!"

"ಈ ವಯಸ್ಸಲ್ಲಿ ಪರೀಕ್ಷೇನಾ?" ಬಡಗಿ ತಲೆಯೆತ್ತಿದ. "ಬಾಗಿಲು ಈಗ್ಲೇ ಕೊಡ್ಬೇಕು ಅಕ್ಕ. ಗಿರಾಕಿ ಮನೆ ತೆರೆದುಕೊಂಡು ಕೂತಿದಾರೆ ಪಾಪ!" ಮತ್ತೆ ಗ್ರ್‌ರ್‌ರ್.

ಗಂಟೆ ನಾಲ್ಕು. ಪರದೆಯ ಮೇಲೆ ಅಧಿಕಾರಿಣಿ ಮೂಡಿದರು. ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡ ಸೌಂಡ್ ಇಂಜಿನಿಯರ್. ಹಿಂದಿನ ಬೆಂಚಿನಲ್ಲಿ ಯಾವುದೋ ಸಹಿಗಾಗಿ ಕಾದು ಕಾದು ತೂಕಡಿಸುತ್ತಿದ್ದ ಒಬ್ಬ ಮನುಷ್ಯ, ತೊಡೆಯ ಮೇಲೊಂದು ಚೀಲ.

"ಇವತ್ತು ಕೇಳಿಸ್ತಿದೆ" ಎಂದರು ಅಧಿಕಾರಿಣಿ. ಇಂಜಿನಿಯರ್ ಮುಖ ಕಿವುಚಿದ. "ಆದ್ರೆ ಏನ್ರೀ ಅದು ಹಿಂದೆ? ಬೇರೆಯವರೆಲ್ಲ ಎಷ್ಟು ನಿಶ್ಶಬ್ದವಾಗಿ ಕೊಟ್ರು ಗೊತ್ತಾ?"

ಭಾವಮೈದ ಗದ್ದಲ ತೆಗೆಯುವ ಸೌಲಭ್ಯದತ್ತ ಬೆರಳು ಒಯ್ದ. ಮೈಕಣ್ಣ ಅವನ ಕೈ ಹಿಡಿದ.

"ಸರ್, ಅದು ಬಡಗಿ ಗರಗಸದ ಮೆಷಿನ್ನು" ಎಂದ. "ನಿಲ್ಲಿಸಲ್ಲ ಅಂತಾನೆ. ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಹೊಸ ನಿಲ್ದಾಣದಲ್ಲಿ ಬಸ್ಸುಗಳನ್ನ ತಳ್ಕೊಂಡು ಬರ್ತಾರಾ?"

ಅಧಿಕಾರಿಣಿ ಹುಬ್ಬೇರಿಸಿದರು. ಆಮೇಲೆ ಕೈಕಟ್ಟಿ ಒರಗಿ ಕೂತರು. "ಹೇಳಿ, ಕೇಳೋಣ."

ಕೆಳಗೆ ಬಡಗಿ ಗಟ್ಟಿ ಮರಕ್ಕೆ ಕೈ ಹಾಕಿದ್ದ. ಮೈಕಣ್ಣನಿಗೆ ಅದು ಬಡಗಿಯೇ ಅಲ್ಲ, ಹೊರಡಲು ಕಾತರಿಸುವ ಬಸ್ಸು. ಅವನು ಆ ಸದ್ದಿನ ಮೇಲೆ ಕಂಠವನ್ನು ಹಲಗೆಯಂತೆ ಇಟ್ಟ.

"ಪ್ರಯಾಣಿಕರ ಗಮನಕ್ಕೇಏಏಏ! ಬಂದರಿಗೆ ಹೋಗುವ ಬಸ್ಸೂಊಊ, ಮೂರನೇ ಅಂಕಣದಿಂದಾಆಆ, ಈಗ ಹೊರಡುತ್ತದೇಏಏಏ!"

ಬೆಂಚಿನ ಮನುಷ್ಯ ಧಿಗ್ಗನೆ ಎದ್ದ. ಚೀಲ ಹೆಗಲಿಗೇರಿಸಿದ. ಸಹಿಯನ್ನು ಅದರ ಪಾಡಿಗೆ ಬಿಟ್ಟು ಬಾಗಿಲಾಚೆ ಓಡಿದ.

"ರೀ! ರೀ! ಎಲ್ಲಿಗೆ?" ಅಧಿಕಾರಿಣಿ ತಿರುಗಿ ಕೂಗಿದರು. ಜವಾನನನ್ನು ಹಿಂದೆ ಓಡಿಸಿದರು. ಸ್ವಲ್ಪ ಹೊತ್ತಿಗೆ ಜವಾನ ಏದುಸಿರು ಬಿಡುತ್ತ ಒಬ್ಬನೇ ಬಂದ.

"ಬಸ್ಸಿಲ್ಲ ಅಂದ್ರೆ ನಂಬ್ತಿಲ್ಲ ಮೇಡಂ. ಮೆಟ್ಟಿಲ ಹತ್ರ ನಿಂತು ಮೂರನೇ ಅಂಕಣ ಎಲ್ಲಿ ಅಂತ ನನ್ನನ್ನೇ ದಬಾಯಿಸ್ತಿದಾರೆ. ಕೂಗಿದವರ ಕೈಲೇ ಹೇಳಿಸಿಬಿಡಿ."

ಇಂಜಿನಿಯರ್ ಹೆಡ್‌ಫೋನ್ ಕಿತ್ತು, ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿ, ಬಾಗಿಲು ಹಾರುಹೊಡೆದು ಮೈಕಣ್ಣನಿಗೆ ಕೈಸನ್ನೆ ಮಾಡಿದ. ಮೈಕಣ್ಣ ಗಂಟಲು ಸರಿಮಾಡಿಕೊಂಡ.

"ಪ್ರಯಾಣಿಕರ ಗಮನಕ್ಕೇಏಏ! ಬಂದರಿನ ಬಸ್ಸು ಇಂದು ರದ್ದಾಗಿದೇಏಏ. ದಯವಿಟ್ಟು ತಮ್ಮ ಆಸನಕ್ಕೆ ಮರಳಬೇಕೂಊಊ!"

ಆ ಮನುಷ್ಯ ಗೊಣಗುತ್ತ ಒಳಗೆ ಬಂದು ಬೆಂಚಿನ ಮೇಲೆ ಕುಳಿತು ಚೀಲವನ್ನು ತೊಡೆಗೆ ಎಳೆದುಕೊಂಡ. ಅಧಿಕಾರಿಣಿ ನಗು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟಿದ್ದರು.

"ಸೋಮವಾರ ಸ್ಟುಡಿಯೋಗೆ ಬಂದ್ಬಿಡಿ, ಮೈಕಣ್ಣ" ಎಂದರು ಕಣ್ಣೊರೆಸಿಕೊಳ್ಳುತ್ತ. "ಧ್ವನಿ ನಿಮ್ಮದೇ."

ಈ ಕಡೆ ಹೆಂಡತಿ ತಮ್ಮನ ಬೆನ್ನಿಗೆ ಗುದ್ದಿ ಗುದ್ದಿ ಕುಣಿಯುತ್ತಿದ್ದಳು. ಮೈಕಣ್ಣ ಧನ್ಯವಾದ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನ ಮನುಷ್ಯ ಕತ್ತು ಚಾಚಿ ಕೇಳಿದ:

"ಮುಂದಿನ ಬಸ್ಸು ಎಷ್ಟು ಹೊತ್ತಿಗೆ?"

ಅಧಿಕಾರಿಣಿ ಉತ್ತರಕ್ಕಾಗಿ ಪರದೆಯ ಮೇಲಿದ್ದ ಮೈಕಣ್ಣನ ಮುಖ ನೋಡಿದರು.