ಎರಡು ಚಮಚ ಸಕ್ಕರೆ

ಆಫೀಸಿನ ಕಾಫಿ ಯಂತ್ರಕ್ಕೆ ಜಾವಾಸ್ಕ್ರಿಪ್ಟ್ ಕೋಡ್ ಬರೆದವನು ತಾನೇ ಆದ್ದರಿಂದ ಪ್ರೋಗ್ರಾಮರ್ ದೂರು ಕೇಳಿ ಮುಖ ಸಿಂಡರಿಸಿದ. ಸಕ್ಕರೆ ಕಾಯಿಲೆಯ ರಿಸೆಪ್ಷನ್ ಅಕ್ಕ ದಿನವೂ ಸಕ್ಕರೆಗೆ ಸೊನ್ನೆ ಒತ್ತುತ್ತಿದ್ದಳು. ಯಂತ್ರ ದಿನವೂ ಎರಡು ಚಮಚ ಸುರಿಯುತ್ತಿತ್ತು.

ತಪ್ಪು ಅವನು ಬೀಗುತ್ತಿದ್ದ ಸಾಲಿನಲ್ಲೇ ಇತ್ತು: ಸಕ್ಕರೆ ||= 2. ಆ ಚಿಹ್ನೆಗೆ ಸೊನ್ನೆ ಒತ್ತಿದರೂ ಒಂದೇ, ಏನೂ ಒತ್ತದೆ ಬಿಟ್ಟರೂ ಒಂದೇ. ಅದನ್ನು ತೆಗೆದು ??= ಹಾಕಿದ. ಇನ್ನು ಏನೂ ಒತ್ತದವರಿಗೆ ಮಾತ್ರ ಎರಡು ಚಮಚ.

ಅಕ್ಕ ಒಂದು ಗುಟುಕು ಕುಡಿದು ನೋಡಿದಳು. "ನಾನು ಬೇಡ ಅಂದಿದ್ದೆ ತಮ್ಮ, ಸುಮ್ನೆ ಇರ್ಲಿಲ್ಲ," ಅಂದಳು.

ಸಂಜೆ ಮನೆಗೆ ಹೋದವನೇ ಈಜು ತರಗತಿಗೆ ಫೋನ್ ಮಾಡಿ ಮಗಳ ಹೆಸರು ತೆಗೆಸಿದ. ಈಜು ಬೇಡ ಅಂತ ಅವಳು ಹೇಳಿ ಮೂರು ತಿಂಗಳಾಗಿತ್ತು.